ನೂಲಿನ ಮೇಲೆ ಮೂತ್ರ ಮಾಡುತ್ತಿದ್ದ ಮುದಿ ಬೆಕ್ಕು: ಇಳಕಲ್ಲಿನ ನೇಕಾರರ ಮನೆಯೊಂದರ ಸಂಧಿವಾತ ಪ್ರಕರಣ

ಈ ಪ್ರಕರಣದ ರೋಗಿ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರ ಕುಟುಂಬವೊಂದರಲ್ಲಿ ಮರಿಯಾಗಿದ್ದಾಗಿನಿಂದ ಬೆಳೆದ, ಹದಿನಾಲ್ಕು ವರ್ಷ ದಾಟಿದ ಹೆಣ್ಣು ಬೆಕ್ಕು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಬಿಳಿ ಮಚ್ಚೆ. ಮನೆಯವರು ಅದನ್ನು ಚಂದ್ರಿ ಎಂದು ಕರೆಯುತ್ತಾರೆ. ಎರಡನೆಯ ಸೂಲಿನ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ದೊಡ್ಡ ಕಾಯಿಲೆಯಾಗಲಿ, ಎತ್ತರದಿಂದ ಬಿದ್ದ ಪೆಟ್ಟಾಗಲಿ ಹಿಂದೆ ಆದದ್ದಿಲ್ಲ. ನನ್ನಲ್ಲಿಗೆ ಅದನ್ನು ಕರೆತಂದದ್ದು ಕಾಲುನೋವಿಗೆಂದಲ್ಲ. ಸೆರಗಿಗೆಂದು ಬಣ್ಣ ಹಾಕಿಸಿ ತಂದು ಕುಣಿಮಗ್ಗದ ಪಕ್ಕದಲ್ಲಿಟ್ಟಿದ್ದ ರೇಷ್ಮೆಯ ಲಡಿಗಳ ಮೇಲೆ ಅದು ಮೂತ್ರ ಮಾಡಿತ್ತು. ಮೊದಲ ಸಲವನ್ನು ಮನೆಯವರು ಸಹಿಸಿಕೊಂಡಿದ್ದರು; ಮತ್ತೆ ಮತ್ತೆ ಆದಾಗ ಮನೆಯೊಳಗೆ ಮಾತು ಬೆಳೆಯಿತು.

"ಡಾಕ್ಟರ್ರ, ಇಷ್ಟ ವರ್ಷ ಒಮ್ಮಿನೂ ಮನ್ಯಾಗ ಹೊಲಸ ಮಾಡಿದ್ದಿಲ್ರಿ ಇದು. ಈಗ ಹಟಕ್ಕ ಬಿದ್ದಂಗ ಮಾಡಾಕತ್ತೈತಿ" ಎಂದು ಯಜಮಾನರು ಹೇಳಿದರು. ಜೊತೆಗೆ ಬಂದಿದ್ದ ಅವರ ತಾಯಿ, "ವಯಸ್ಸಾತಲ್ರೀ, ನನ್ನಂಗ ಅದಕ್ಕೂ. ವಯಸ್ಸಿಗೆ ಮದ್ದ ಎಲ್ಲೈತ್ರಿ?" ಎಂದರು. ಈ ಎರಡು ಮಾತುಗಳನ್ನು ಪ್ರಕರಣದ ದಾಖಲೆಯಲ್ಲಿ ಹಾಗೆಯೇ ಬರೆದಿಟ್ಟಿದ್ದೇನೆ. ಮುದಿ ಬೆಕ್ಕಿನ ನೋವು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುವುದು ಹೆಚ್ಚಾಗಿ ಇವೆರಡರ ನಡುವೆಯೇ: ಒಂದೋ ಅದು ಹಟ, ಇಲ್ಲವೇ ಅದು ವಯಸ್ಸು.

ರೂಢಿಯ ಜಾಗದಲ್ಲಿ ಮೂತ್ರ ಮಾಡದೆ ಬೇರೆಡೆ ಮಾಡುವ ಬೆಕ್ಕಿನಲ್ಲಿ ಮೊದಲು ನೋಡಬೇಕಾದದ್ದು ಮೂತ್ರಕೋಶ, ಮೂತ್ರಪಿಂಡ ಮತ್ತು ಸಕ್ಕರೆ ಕಾಯಿಲೆ. ಆ ಪರೀಕ್ಷೆಗಳ ಫಲಿತಾಂಶವನ್ನು ಮುಂದೆ ಹೇಳುತ್ತೇನೆ. ಆದರೆ ಪರೀಕ್ಷೆಗಿಂತ ಮೊದಲು ಮನೆಯವರಿಗೆ ಒಂದು ಪ್ರಶ್ನೆ ಕೇಳಿದೆ. ಬೆಕ್ಕು ಈಗ ಏನು ಮಾಡುತ್ತಿದೆ ಎಂದು ಕೇಳಲಿಲ್ಲ. ಮೊದಲು ಮಾಡುತ್ತಿದ್ದುದರಲ್ಲಿ ಏನೇನನ್ನು ಬಿಟ್ಟಿದೆ, ಯಾವುದನ್ನು ಮೊದಲು ಬಿಟ್ಟಿತು ಎಂದು ಕೇಳಿದೆ. ಉತ್ತರ ಕೊಟ್ಟವಳು ಕಾಲೇಜಿಗೆ ಹೋಗುವ ಮಗಳು. ಎಲ್ಲಕ್ಕಿಂತ ಮೊದಲು ನಿಂತದ್ದು ನಾಗೊಂದಿಯ (ಗೋಡೆಯ ಎತ್ತರದಲ್ಲಿ ಸಾಮಾನಿಡುವ ಹಲಗೆಯ) ಮೇಲೆ ಹತ್ತಿ ಮಲಗುವುದು. ಅದು ಹೆಚ್ಚುಕಡಿಮೆ ಎರಡು ವರ್ಷದ ಹಿಂದಿನ ಮಾತು. ಆಮೇಲೆ ಪಕ್ಕದ ಮನೆಯ ಗೋಡೆ ಹಾರುವುದು ನಿಂತಿತು. ಬೆಳಗಿನ ಬಿಸಿಲಿಗೆ ಕೂರುತ್ತಿದ್ದ ಕಿಟಕಿಯ ಕಟ್ಟೆಯನ್ನು ಕೆಲವು ತಿಂಗಳು ನಿಂತು ನೋಡಿ, ಒಂದೆರಡು ಸಲ ಮುಂಗಾಲು ಊರಿ, ಕೊನೆಗೆ ಅದನ್ನೂ ಬಿಟ್ಟಿತು. ಬೆನ್ನು ನೆಕ್ಕಿಕೊಳ್ಳುವುದು ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ. ಕೊನೆಗೆ ಹಿತ್ತಲಿಗೆ ಹೋಗುವುದು ನಿಂತಿತು. ಹಿತ್ತಲ ಬಾಗಿಲಿಗೆ ಎತ್ತರದ ಹೊಸ್ತಿಲಿದೆ, ಅದರಾಚೆ ಎರಡು ಮೆಟ್ಟಿಲು ಇಳಿದರೆ ಮಣ್ಣು. ಬೆಕ್ಕು ತನ್ನ ಜೀವಮಾನವೆಲ್ಲ ಮಲಮೂತ್ರಕ್ಕೆ ಹೋಗುತ್ತಿದ್ದುದು ಅಲ್ಲಿಗೆ.

ಇಷ್ಟು ಹೇಳಿದ ಮೇಲೆ ಯಜಮಾನರಿಗೆ ಇನ್ನೊಂದು ಸಂಗತಿ ನೆನಪಾಯಿತು. ಕಳೆದ ವರ್ಷದಿಂದ ಮಗ್ಗದ ಕೋಣೆಯಲ್ಲಿ ಇಲಿಗಳ ಕಾಟ ಹೆಚ್ಚಾಗಿತ್ತು, ನೂಲಿನ ಗಂಟುಗಳನ್ನು ಕಡಿದುಹಾಕಿದ್ದವು. ಅವರು ಬೋನು ತಂದಿಟ್ಟಿದ್ದರು. ಇಲಿ ಹೆಚ್ಚಾದದ್ದಕ್ಕೂ ಬೆಕ್ಕಿನ ಕೀಲುಗಳಿಗೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ರೋಗದ ಪೆಟ್ಟು ಮನೆಯವರಿಗೆ ಮೊದಲು ತಟ್ಟಿದ್ದು ಆ ಕಡಿದ ನೂಲಿನಲ್ಲಿ.

ಕುಂಟದ ಪ್ರಾಣಿಯ ಪರೀಕ್ಷೆ

ಎತ್ತಿಗೆ ಕಾಲುನೋವಾದರೆ ಅದು ಕುಂಟುತ್ತದೆ, ನಾಯಿಗಾದರೂ ಅಷ್ಟೇ. ಬೆಕ್ಕಿನಲ್ಲಿ ಸಂಧಿವಾತ ಸಾಮಾನ್ಯವಾಗಿ ಎರಡೂ ಕಡೆಯ ಕೀಲುಗಳಿಗೆ ಒಟ್ಟಿಗೆ ಬರುತ್ತದೆ. ಭಾರವನ್ನು ಯಾವ ಕಾಲಿನಿಂದ ಯಾವ ಕಾಲಿಗೆ ವರ್ಗಾಯಿಸಬೇಕು? ಹಾಗಾಗಿ ಅದು ಕುಂಟುವುದಿಲ್ಲ, ಕೆಲಸವನ್ನೇ ಬಿಟ್ಟುಬಿಡುತ್ತದೆ. ತಾನೂ ಇನ್ನೊಂದು ಪ್ರಾಣಿಗೆ ಆಹಾರವಾಗಬಲ್ಲ ಸಣ್ಣ ಜೀವವಾದ್ದರಿಂದ ನೋವನ್ನು ಮುಚ್ಚಿಡುವುದು ಅದರ ಹುಟ್ಟುಗುಣ. ಈ ಕಾಯಿಲೆ ಅಪರೂಪದ್ದೆಂದು ತಿಳಿಯಬಾರದು. ಅಮೆರಿಕದಲ್ಲಿ ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್-ರೇ ಚಿತ್ರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೊಂಬತ್ತರಲ್ಲಿ ಕೀಲುಸವೆತದ ಗುರುತುಗಳು ಕಂಡಿದ್ದವು. ಎಲ್ಲ ವಯಸ್ಸಿನ ನೂರು ಬೆಕ್ಕುಗಳನ್ನು ನೋಡಿದ 2010ರ ಇನ್ನೊಂದು ಅಧ್ಯಯನದಲ್ಲಿ ಶೇಕಡಾ 92ರಷ್ಟು ಬೆಕ್ಕುಗಳ ಒಂದಾದರೂ ಕೀಲಿನಲ್ಲಿ ಬದಲಾವಣೆ ಇತ್ತು. ಎಕ್ಸ್-ರೇಯಲ್ಲಿ ಕಂಡದ್ದೆಲ್ಲ ನೋಯುತ್ತದೆ ಎಂದಲ್ಲ, ನೋಯುವುದೆಲ್ಲ ಎಕ್ಸ್-ರೇಯಲ್ಲಿ ಕಾಣುತ್ತದೆ ಎಂದೂ ಅಲ್ಲ. ಆದರೂ ಮುದಿ ಬೆಕ್ಕು ಹಾರುವುದನ್ನು ಬಿಟ್ಟಿದ್ದರೆ ಮೊದಲ ಅನುಮಾನ ಕೀಲುಗಳ ಮೇಲೆಯೇ ಹೋಗಬೇಕು.

ಬುಟ್ಟಿಯ ಬಾಯಿ ಬಿಚ್ಚಿ ನೆಲದ ಮೇಲಿಟ್ಟು, ಚಂದ್ರಿ ತಾನಾಗಿ ಹೊರಬರುವ ತನಕ ಯಾರೂ ಮುಟ್ಟಲಿಲ್ಲ. ಹಿಂಗಾಲುಗಳನ್ನು ಹೊಟ್ಟೆಯಡಿಗೆ ಸೇರಿಸಿಕೊಂಡು, ಸೊಂಟ ತಗ್ಗಿಸಿ, ಗಿಡ್ಡ ಹೆಜ್ಜೆ ಇಡುತ್ತ ಗೋಡೆಯ ಪಕ್ಕ ಸೇರಿತು. ಕುರ್ಚಿಯ ಮೇಲೆ ಅದರ ಪರಿಚಯದ ಬಟ್ಟೆ ಇಟ್ಟರೂ ಮೇಲೆ ನೋಡಿತೇ ಹೊರತು ಹಾರಲಿಲ್ಲ. ಸೊಂಟದ ಮೇಲಿನ ಕೂದಲು ಗಂಟುಗಟ್ಟಿತ್ತು, ಬೇರಿನಲ್ಲಿ ಹೊಟ್ಟು ಕಾಣುತ್ತಿತ್ತು. ಎದೆ ಮತ್ತು ಮುಂಗಾಲುಗಳ ಕೂದಲು ಮಾತ್ರ ನುಣುಪಾಗಿತ್ತು. ಬಾಯಿ ತಲುಪುವಷ್ಟು ಜಾಗವನ್ನು ಅದು ಇನ್ನೂ ನೆಕ್ಕಿಕೊಳ್ಳುತ್ತಿತ್ತು, ಬೆನ್ನು ತಿರುಗಿಸಬೇಕಾದಲ್ಲಿ ಬಿಟ್ಟಿತ್ತು. ಉಗುರುಗಳನ್ನು ಒಂದೊಂದಾಗಿ ಹೊರತೆಗೆದು ನೋಡಿದಾಗ ಬಲ ಮುಂಗಾಲಿನ ಒಳಬದಿಯ ಉಗುರು ದಪ್ಪಗಾಗಿ, ಪೂರ್ತಿ ಬಾಗಿ, ಅಂಗಾಲಿನ ಮೆತ್ತೆಯೊಳಗೆ ತುದಿ ಊರಿತ್ತು. ಸುತ್ತಲೂ ಸ್ವಲ್ಪ ಕೀವು ಇತ್ತು. ಮರ, ಗೋಡೆ ಕೆರೆಯುವ ಬೆಕ್ಕಿನ ಉಗುರು ಪದರಪದರವಾಗಿ ಉದುರಿ ಹೊಸದಾಗುತ್ತದೆ. ಕೆರೆಯುವುದನ್ನು ಬಿಟ್ಟ ಬೆಕ್ಕಿನಲ್ಲಿ ಹೀಗಾಗುತ್ತದೆ. ಉಗುರನ್ನು ಕತ್ತರಿಸಿ, ಗಾಯ ತೊಳೆದದ್ದೇ ಈ ಪ್ರಕರಣದ ಮೊದಲ ನೋವು ನಿವಾರಣೆ.

ತೂಕ 4.8 ಕೆ.ಜಿ. ಒಂಬತ್ತರ ಅಳತೆಯಲ್ಲಿ ಮೈಕಟ್ಟು ಏಳು, ಎಂದರೆ ಹೊಟ್ಟೆಯ ಸುತ್ತ ಕೊಬ್ಬು. ಆದರೆ ತೊಡೆಯ ಸ್ನಾಯುಗಳು ಎರಡೂ ಕಡೆ ಕರಗಿದ್ದವು. ಸೊಂಟದ ಕೀಲನ್ನು ಹಿಂದಕ್ಕೆ ಚಾಚಿದಾಗ ತಿರುಗಿ ನೋಡಿ ಗುರುಗುಟ್ಟಿತು, ಮೊಣಕಾಲುಗಳು ದಪ್ಪಗಾಗಿದ್ದವು, ಬೆನ್ನಿನ ಕೆಳಭಾಗವನ್ನು ಒತ್ತಿದಾಗ ಕುಸಿದು ಕುಳಿತಿತು. ಎಕ್ಸ್-ರೇಯಲ್ಲಿ ಎರಡೂ ಸೊಂಟದ ಕೀಲುಗಳ ಅಂಚಿನಲ್ಲಿ ಮೂಳೆಯ ಹೊಸ ಬೆಳವಣಿಗೆ, ಎರಡೂ ಮೊಣಕಾಲಿನೊಳಗೆ ಸುಣ್ಣಗಟ್ಟಿದ ಚುಕ್ಕೆಗಳು, ಬೆನ್ನೆಲುಬಿನ ಕೊನೆಯ ಮಣಿಗಳ ನಡುವೆ ಸೇತುವೆಗಟ್ಟಿದ ಮೂಳೆ ಕಂಡವು. ಮೂತ್ರದಲ್ಲಿ ಸೋಂಕಾಗಲಿ ಹರಳಾಗಲಿ ಇರಲಿಲ್ಲ, ಸಕ್ಕರೆ ಮತ್ತು ಥೈರಾಯ್ಡ್ ಸರಿಯಾಗಿದ್ದವು. ಆದರೆ ಮೂತ್ರದ ಸಾಂದ್ರತೆ 1.022, ಮೂತ್ರಪಿಂಡ ಕುಂದಿದಾಗ ರಕ್ತದಲ್ಲಿ ಏರುವ ಕಶ್ಮಲವಾದ ಕ್ರಿಯಾಟಿನಿನ್ ಡೆಸಿಲೀಟರಿಗೆ 1.9 ಮಿ.ಗ್ರಾಂ. ಆರೋಗ್ಯವಂತ ಬೆಕ್ಕಿನ ಮೂತ್ರ ಸಾಮಾನ್ಯವಾಗಿ 1.035ಕ್ಕಿಂತ ಗಟ್ಟಿಯಾಗಿರುತ್ತದೆ, ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಿದಾಗಲೂ ಅಂಕಿಗಳು ಬದಲಾಗಲಿಲ್ಲ. ಎಂದರೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯ ಎರಡನೆಯ ಹಂತ. ಸಂಧಿವಾತವಿರುವ ಮುದಿ ಬೆಕ್ಕುಗಳಲ್ಲಿ ಈ ಎರಡು ಕಾಯಿಲೆಗಳು ಜೊತೆಯಾಗಿರುವುದು ತೀರ ಸಾಮಾನ್ಯ, ಮತ್ತು ಚಿಕಿತ್ಸೆಯ ಇಕ್ಕಟ್ಟೆಲ್ಲ ಅಲ್ಲಿಯೇ ಇದೆ.

ಲಡಿಯ ಮೇಲಿನ ಮೂತ್ರದ ಲೆಕ್ಕ ಈಗ ಕೂಡಿತು. ಮೂತ್ರಪಿಂಡದಿಂದಾಗಿ ಮೂತ್ರದ ಪ್ರಮಾಣ ಹೆಚ್ಚಾಗಿತ್ತು. ಕೀಲುಗಳಿಂದಾಗಿ ಹೊಸ್ತಿಲು ದಾಟಿ ಮೆಟ್ಟಿಲು ಇಳಿಯುವುದು ಆಗುತ್ತಿರಲಿಲ್ಲ. ಮನೆಯೊಳಗೆ ಕಾಲಿಗೆ ಮೆತ್ತಗೆ ಸಿಗುವ, ಉಗುರು ಊರಿ ನಿಲ್ಲಬಹುದಾದ ಜಾಗ ನೂಲಿನ ರಾಶಿಯೊಂದೇ ಆಗಿತ್ತು. ಹಟವೆನ್ನುವ ಮಾತನ್ನು ಯಜಮಾನರು ಆ ದಿನವೇ ಬಿಟ್ಟರು. ಅಜ್ಜಿಗೆ ನಾನು, "ಯವ್ವಾ, ವಯಸ್ಸು ಬ್ಯಾರೆ, ಬ್ಯಾನಿ ಬ್ಯಾರೆ" ಎಂದೆ. ಮೊಣಕಾಲಿನ ನೋವನ್ನು ಬಲ್ಲ ಅವರಿಗೆ ಅದಕ್ಕಿಂತ ಹೆಚ್ಚು ವಿವರಿಸಬೇಕಾಗಲಿಲ್ಲ.

ಕೊಡಬಾರದ್ದು

ಔಷಧಿ ಬರೆಯುವ ಮೊದಲು ಮನೆಯಲ್ಲಿ ಏನೇನು ಕೊಟ್ಟಿದ್ದೀರಿ ಎಂದು ವಿಚಾರಿಸಿದೆ. ಮಗಳು ಕೈಚೀಲದಿಂದ ಪ್ಯಾರಾಸಿಟಮಾಲ್ ಸ್ಟ್ರಿಪ್ ತೆಗೆದು, ಕಾಲು ಗುಳಿಗೆ ಕೊಡಬಹುದೇ ಎಂದು ಕೇಳಿದಳು. ಒಂದನ್ನೂ ಕೊಟ್ಟಿರಲಿಲ್ಲ, ಅದು ಚಂದ್ರಿಯ ಅದೃಷ್ಟ. ಪ್ಯಾರಾಸಿಟಮಾಲನ್ನು ನಿರ್ವಿಷಗೊಳಿಸಿ ಹೊರಹಾಕಲು ಬೇಕಾದ ಕಿಣ್ವದ ಶಕ್ತಿ ಬೆಕ್ಕಿನ ಯಕೃತ್ತಿನಲ್ಲಿ ಬಹಳ ಕಡಿಮೆ. ಉಳಿದ ವಿಷವಸ್ತು ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ, ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರು ಸಿಗದಾಗುತ್ತದೆ. 500 ಮಿ.ಗ್ರಾಂ.ನ ಒಂದೇ ಗುಳಿಗೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು, ಅದರ ಭಾಗವೂ ಅಪಾಯಕಾರಿಯೇ. ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಕೂಡ ಬೆಕ್ಕಿಗೆ ಕೊಡುವಂಥವಲ್ಲ. ರಣಹದ್ದುಗಳ ಸಾವಿಗೆ ಕಾರಣವಾಯಿತೆಂದು ಭಾರತ ಸರ್ಕಾರ 2006ರಲ್ಲಿ ಪಶುಚಿಕಿತ್ಸೆಯಿಂದ ಡೈಕ್ಲೊಫಿನ್ಯಾಕನ್ನು ಹೊರಗಿಟ್ಟದ್ದು ದನಕರುಗಳ ಕಾರಣಕ್ಕೆ. ಬೆಕ್ಕಿನ ಮಟ್ಟಿಗೆ ಅದು ಎಂದೂ ಹತ್ತಿರ ಬರಬಾರದ ಔಷಧಿ.

ಅಜ್ಜಿ ತಮ್ಮ ಮೊಣಕಾಲಿಗೆ ಹಚ್ಚುವ ನೋವಿನ ಮುಲಾಮನ್ನು ಬೆಕ್ಕಿಗೂ ಹಚ್ಚಬೇಕೆಂದಿದ್ದರು. ಆ ಮುಲಾಮುಗಳಲ್ಲಿರುವ ಕರ್ಪೂರ ಮತ್ತು ಸ್ಯಾಲಿಸಿಲೇಟ್ ಬೆಕ್ಕು ಮೈ ನೆಕ್ಕಿಕೊಂಡಾಗ ನೇರ ಹೊಟ್ಟೆಗೆ ಹೋಗುತ್ತವೆ. ಅಜ್ಜಿಯ ಕೈಕಾಲಿಗೆ ಹಚ್ಚಿದ ಮುಲಾಮು ಒಣಗುವ ತನಕ ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಳ್ಳಬಾರದೆಂದೂ ಹೇಳಿದೆ. ನಮ್ಮ ಕಡೆ ಎತ್ತು ಕುಂಟಿದರೆ ಬರೆ ಎಳೆಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಯಾರಾದರೂ ಆ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ ಎಂದು ಕೇಳದಿದ್ದರೂ ಹೇಳಿದೆ. ಬರೆಯಿಂದ ಯಾವ ಪ್ರಾಣಿಯ ಕೀಲೂ ವಾಸಿಯಾಗುವುದಿಲ್ಲ.

ನೆಲ, ಮೆಟ್ಟಿಲು, ಕೌದಿ

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಚಿಕಿತ್ಸೆ ಔಷಧಿಯಲ್ಲ, ಮನೆಯೊಳಗಿನ ಬದಲಾವಣೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಅದನ್ನು ವಿವರವಾಗಿ ಬರೆಯುತ್ತೇನೆ.

ಇಳಕಲ್ಲು ಸೀರೆಗೆ ಎಷ್ಟು ಹೆಸರುವಾಸಿಯೋ ಕೆಂಪು ಗ್ರಾನೈಟಿಗೂ ಅಷ್ಟೇ. ಮನೆಯವರು ಹಳೆಯ ಒರಟು ಕಲ್ಲುಹಾಸನ್ನು ಕಿತ್ತು, ಪಾಲಿಶ್ ಮಾಡಿದ ಗ್ರಾನೈಟ್ ಹಾಕಿಸಿದ್ದರು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಬೆಕ್ಕಿನ ಅಂಗಾಲು ನಿಲ್ಲುವುದಿಲ್ಲ. ಹಾರಲು ಹಿಂಗಾಲು ಒತ್ತಿದಾಗ ಕಾಲು ಹೊರಕ್ಕೆ ಜಾರುತ್ತದೆ, ಇಳಿದಾಗ ಮುಂಗಾಲು ಜಾರುತ್ತದೆ, ನೋಯುವ ಕೀಲಿಗೆ ಪ್ರತಿ ಜಾರಿಕೆಯೂ ಹೊಸ ಪೆಟ್ಟು. ಮಗಳು ನೆನಪು ಮಾಡಿಕೊಂಡು ಹೇಳಿದ ಪ್ರಕಾರ ನಾಗೊಂದಿ ಹತ್ತುವುದು ನಿಂತದ್ದು ಹೊಸ ನೆಲ ಬಂದ ಆಸುಪಾಸಿನಲ್ಲೇ. ನೆಲದಿಂದ ಸಂಧಿವಾತ ಬಂತೆಂದಲ್ಲ. ಅಷ್ಟರ ತನಕ ಹೇಗೋ ನಿಭಾಯಿಸುತ್ತಿದ್ದ ಪ್ರಾಣಿಗೆ ನಿಭಾಯಿಸುವ ದಾರಿಯನ್ನು ಆ ನೆಲ ಮುಚ್ಚಿತು.

ಮೊದಲು ಹಳೆಯ ಕೌದಿಗಳನ್ನು ಉದ್ದಕ್ಕೆ ಮಡಚಿ, ಬೆಕ್ಕು ಓಡಾಡುವ ದಾರಿಯಲ್ಲಿ ಹಾಸಿದರು. ಆದರೆ ನುಣುಪು ಕಲ್ಲಿನ ಮೇಲೆ ಕೌದಿಯೇ ಜಾರುತ್ತಿತ್ತು. ಚಂದ್ರಿ ಒಮ್ಮೆ ಅದರ ಜೊತೆಗೇ ಜಾರಿ, ಆಮೇಲೆ ಕೌದಿಯಿಂದ ದೂರ ಸರಿದು ಗೋಡೆಬದಿಯಿಂದ ಹೋಗತೊಡಗಿತು. ಕೊನೆಗೆ ಯಜಮಾನರೇ ಉಪಾಯ ಕಂಡುಕೊಂಡರು: ಕೆಳಗೆ ತೆಳುವಾದ ರಬ್ಬರ್ ಹಾಸು, ಅದರ ಮೇಲೆ ಗೋಣಿತಾಟು, ಎರಡನ್ನೂ ಅಂಚಿನಲ್ಲಿ ದಬ್ಬಣದಿಂದ ಹೊಲಿದ ಪಟ್ಟಿಗಳು. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ, ಬಾಗಿಲಿನಿಂದ ಮಗ್ಗದ ಕೋಣೆಗೆ ಒಂದೇ ಪಟ್ಟಿ ಕಡಿಯದೆ ಹೋಗುವಂತೆ ಹಾಸಿದರು. ನಡುವೆ ಒಂದು ಮಾರು ಬರಿಗಲ್ಲು ಬಿಟ್ಟರೂ ಬೆಕ್ಕು ಅಲ್ಲಿಗೇ ನಿಲ್ಲುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಕಿಟಕಿಯ ಕಟ್ಟೆ ನೆಲದಿಂದ ಎರಡೂವರೆ ಅಡಿ ಎತ್ತರ. ಊರಲ್ಲಿ ಕಲ್ಲು ಕೊಯ್ಯುವ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಅಲ್ಲಿ ಉಳಿಯುವ ಗ್ರಾನೈಟ್ ತುಂಡುಗಳನ್ನು ತಂದು ಒಂದರ ಮೇಲೊಂದು ಜೋಡಿಸಿ, ಆರೇಳು ಅಂಗುಲ ಎತ್ತರದ, ಬೆಕ್ಕು ನಾಲ್ಕೂ ಕಾಲೂರಿ ನಿಲ್ಲುವಷ್ಟು ಅಗಲದ ಮೆಟ್ಟಿಲು ಮಾಡಿದರು. ಮೇಲೆ ಗೋಣಿತಾಟು ಅಂಟಿಸಿದರು. ಮರದ ಮಣೆಗಳಿಗಿಂತ ಇದು ಒಳ್ಳೆಯದಾಯಿತು, ಏಕೆಂದರೆ ಕಲ್ಲಿನ ಭಾರಕ್ಕೆ ಮೆಟ್ಟಿಲು ಅಲುಗುವುದಿಲ್ಲ; ಒಮ್ಮೆ ಅಲುಗಿದ ಮೆಟ್ಟಿಲನ್ನು ಬೆಕ್ಕು ಎರಡನೆಯ ಸಲ ನಂಬುವುದಿಲ್ಲ. ಹಿತ್ತಲ ಹೊಸ್ತಿಲಿನ ಎರಡೂ ಬದಿಗೆ ಇದೇ ರೀತಿಯ ಅರ್ಧಮೆಟ್ಟಿಲುಗಳು ಬಂದವು.

ಆದರೂ ರಾತ್ರಿ ಮತ್ತು ಮಳೆಯಲ್ಲಿ ಹಿತ್ತಲನ್ನೇ ನಂಬಿ ಕೂರುವಂತಿರಲಿಲ್ಲ. ಗಾರೆ ಹೊರುವ ಪ್ಲಾಸ್ಟಿಕ್ ಪುಟ್ಟಿಯೊಂದರ ಅಂಚನ್ನು ಒಂದು ಬದಿಯಲ್ಲಿ ಎರಡು ಅಂಗುಲ ಎತ್ತರಕ್ಕೆ ಕೊಯ್ದು, ಕೊಯ್ದ ಅಂಚು ಚುಚ್ಚದಂತೆ ಉಜ್ಜಿ, ಸೋಸಿದ ಸಣ್ಣ ಉಸುಕು ತುಂಬಿ ಮಗ್ಗದ ಕೋಣೆಯ ಮೂಲೆಯಲ್ಲಿ ಇಟ್ಟರು. ಬೆಕ್ಕುಗಳಿಗೆ ಸಣ್ಣ ಕಾಳಿನ ಉಸುಕೇ ಹಿತ. ಜಲ್ಲಿ ಬೆರೆತ ಉಸುಕು ಅಂಗಾಲಿಗೆ ಒತ್ತುತ್ತದೆ. ಮೊದಲಿಗೆ ಹಿತ್ತಲ ಮಣ್ಣನ್ನು ಒಂದು ಹಿಡಿ ಬೆರೆಸಿದ್ದರಿಂದ ವಾಸನೆ ಗುರುತಿಸಿ ಬಳಸತೊಡಗಿತು. ರೇಷ್ಮೆಯ ಲಡಿಗಳು ಕಪಾಟಿಗೆ ಹೋದವು. ನೂಲಿನ ಮೇಲೆ ಮೂತ್ರ ಮಾಡುವುದು ಔಷಧಿ ಶುರುವಾಗುವ ಮೊದಲೇ ನಿಂತಿತು.

ಮಲಗಲು ಬಿದಿರು ಬುಟ್ಟಿಯನ್ನು ಅಡ್ಡ ಮಲಗಿಸಿ ಒಳಗೆ ಕೌದಿ ಹಾಸಿದರು. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಕಲ್ಲುನೆಲ ತಣ್ಣಗೆ ಕೊರೆಯುತ್ತದೆ. ಆಗ ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಬೆಕ್ಕು ಬೇಡವೆಂದರೆ ದೂರ ಸರಿಯಲು ಜಾಗ ಬಿಟ್ಟು ಒಳಗಿಡುತ್ತಿದ್ದರು. ಊಟದ ತಟ್ಟೆ, ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲೇರಿಸಿದ್ದರಿಂದ ಕುತ್ತಿಗೆ ಮತ್ತು ಮೊಣಕೈ ಬಗ್ಗಿಸುವ ಕಷ್ಟ ತಪ್ಪಿತು. ಬೆನ್ನಿನ ಗಂಟುಗೂದಲನ್ನು ಕತ್ತರಿಸಿದ ಮೇಲೆ ಮೆದು ಬಾಚಣಿಗೆಯಿಂದ ಬಾಚುವ ಕೆಲಸವನ್ನು ಅಜ್ಜಿ ವಹಿಸಿಕೊಂಡರು. ಉಗುರು ನೋಡುವುದು ಮಗಳ ಪಾಲಿಗೆ ಬಂತು.

ಊಟದ ಸಮಸ್ಯೆ

ಈ ಮನೆಯಲ್ಲಿ ಮಾಂಸಾಹಾರ ಇಲ್ಲ. ಚಂದ್ರಿಯ ಊಟ ಮೊದಲಿನಿಂದಲೂ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಹದಿಮೂರು ವರ್ಷ ಅದು ನಡೆದದ್ದು ಬೆಕ್ಕು ತನ್ನ ನಿಜವಾದ ಊಟವನ್ನು ತಾನೇ ಹಿಡಿದು ತಿನ್ನುತ್ತಿದ್ದುದರಿಂದ. ಟಾರಿನ್ ಎಂಬ ಅಮೈನೊ ಆಮ್ಲವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಸಸ್ಯಾಹಾರದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಇಲಿಯ ಮೈಯಲ್ಲಿ ಹೇರಳವಾಗಿದೆ. ಅದರ ಕೊರತೆಯಾದರೆ ಕಣ್ಣಿನ ಪರದೆ ಕೆಡುತ್ತದೆ, ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ. ಕೀಲು ನೋವಿನಿಂದ ಬೇಟೆ ನಿಂತ ಮೇಲೆ ಉಳಿದದ್ದು ರೊಟ್ಟಿ ಮತ್ತು ಹಾಲು ಮಾತ್ರ. ಕೊಬ್ಬು ಬೆಳೆಯಿತು, ಸ್ನಾಯು ಕರಗಿತು. ತೊಡೆಯ ಸ್ನಾಯು ಕರಗಿದಷ್ಟೂ ಕೀಲಿನ ಮೇಲೆ ಹೊರೆ ಹೆಚ್ಚು.

ಮನೆಯವರ ಆಚಾರವನ್ನು ಮುರಿಯುವಂತೆ ಕೇಳುವುದು ನನಗೆ ಸರಿಕಾಣಲಿಲ್ಲ. ಬೆಕ್ಕು ಮಾಂಸಾಹಾರಿ ಪ್ರಾಣಿ ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ. ಎರಡನ್ನೂ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಅದೇನ ನಮ್ಮ ಒಲಿ ಮ್ಯಾಲ ಕುದಿಸೂದ ಅಲ್ಲಲ್ರೀ" ಎಂದರು. ಅಂಗಡಿಯಲ್ಲಿ ಸಿಗುವ, ಮುದಿ ಬೆಕ್ಕಿಗೆಂದು ತಯಾರಿಸಿದ ಒದ್ದೆ ಆಹಾರದ ಪೊಟ್ಟಣವನ್ನು ಹಿತ್ತಲ ಪಡಸಾಲೆಯಲ್ಲಿ, ಅದಕ್ಕೆಂದೇ ಇಟ್ಟ ತಟ್ಟೆಯಲ್ಲಿ ಮಗಳು ಹಾಕುವುದೆಂದು ತೀರ್ಮಾನವಾಯಿತು. ಮೂತ್ರಪಿಂಡಕ್ಕೆ ಮೀಸಲಾದ, ರಂಜಕ ಕಡಿಮೆಯಿರುವ ಆಹಾರದ ಖರ್ಚು ಈ ಕುಟುಂಬಕ್ಕೆ ಪೂರ್ತಿ ಹೊರುವಂಥದ್ದಲ್ಲವಾದ್ದರಿಂದ ಎರಡನ್ನೂ ಬೆರೆಸಿದೆವು. ತೂಕ ಇಳಿಸುವಾಗ ಅವಸರ ಕೂಡದು. ದಪ್ಪ ಬೆಕ್ಕು ಕೆಲವೇ ದಿನ ಉಪವಾಸವಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ವಾರಕ್ಕೆ ಮೈತೂಕದ ಶೇಕಡಾ ಒಂದರ ಒಳಗೇ ಇಳಿಯುವಂತೆ ಅಳತೆ ಇಟ್ಟೆವು.

ಅಜ್ಜಿ ತಮ್ಮ ಕೀಲುನೋವಿಗೆ ಅಗಸಿ ಹಿಂಡಿ (ಅಗಸೆಯ ಚಟ್ನಿಪುಡಿ) ತಿನ್ನುತ್ತಾರೆ. ಬೆಕ್ಕಿನ ಹಾಲಿಗೂ ಒಂದು ಚಿಟಿಕೆ ಬೆರೆಸುತ್ತಿದ್ದರು. ಅಗಸೆಯಲ್ಲಿರುವ ಒಮೆಗಾ-3 ಮನುಷ್ಯನ ದೇಹದಲ್ಲಿ ಅಲ್ಪಸ್ವಲ್ಪವಾದರೂ ಬಳಕೆಯ ರೂಪಕ್ಕೆ ಬದಲಾಗುತ್ತದೆ. ಬೆಕ್ಕಿಗೆ ಆ ಬದಲಾವಣೆ ಮಾಡುವ ಕಿಣ್ವವೇ ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕಿಂತ ಮುಖ್ಯವಾದದ್ದು, ಹಿಂಡಿಯಲ್ಲಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಬೆಕ್ಕಿನ ಕೆಂಪುರಕ್ತಕಣಗಳನ್ನು ಒಡೆಯುತ್ತವೆ. ಅದನ್ನು ನಿಲ್ಲಿಸಿ, ಮೀನೆಣ್ಣೆಯ ಕ್ಯಾಪ್ಸೂಲನ್ನು ಚುಚ್ಚಿ ಕೆಲವು ಹನಿ ಆಹಾರಕ್ಕೆ ಹಾಕಲು ಹೇಳಿದೆ. ಕಾಡ್ ಲಿವರ್ ಎಣ್ಣೆ ಬೇರೆ, ಮೀನೆಣ್ಣೆ ಬೇರೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು: ಲಿವರ್ ಎಣ್ಣೆಯ ಎ ಜೀವಸತ್ವ ಬೆಕ್ಕಿನಲ್ಲಿ ಶೇಖರವಾಗಿ ಕುತ್ತಿಗೆಯ ಮಣಿಗಳನ್ನೇ ಬೆಸೆದುಬಿಡಬಲ್ಲದು. ಕೀಲುಗಳಿಗೆಂದು ಮಾರುವ ಗ್ಲುಕೋಸಮೈನ್ ಬಗ್ಗೆಯೂ ಕೇಳಿದರು. ಬೆಕ್ಕಿನಲ್ಲಿ ಅದರ ಉಪಯೋಗಕ್ಕೆ ಇರುವ ಪುರಾವೆ ದುರ್ಬಲ. ಆ ಹಣ ಊಟಕ್ಕೆ ಹೋಗಲಿ ಎಂದೆ.

ಔಷಧಿ

ಮೆಲೊಕ್ಸಿಕಾಮ್ ಬೆಕ್ಕಿನ ದೀರ್ಘಕಾಲದ ಕೀಲುನೋವಿಗೆ ಯುರೋಪಿನಲ್ಲಿ ಮಾನ್ಯತೆ ಪಡೆದ ಔಷಧಿ. ಅಲ್ಲಿನ ಪ್ರಮಾಣ ಮೊದಲ ದಿನ ಕೆ.ಜಿ.ಗೆ 0.1 ಮಿ.ಗ್ರಾಂ., ಆಮೇಲೆ ದಿನಕ್ಕೊಮ್ಮೆ 0.05 ಮಿ.ಗ್ರಾಂ. ಅಮೆರಿಕದಲ್ಲಿ ಅದೇ ಔಷಧಿಯ ಮೇಲೆ, ಬೆಕ್ಕಿಗೆ ಪದೇಪದೇ ಕೊಟ್ಟರೆ ಮೂತ್ರಪಿಂಡ ವಿಫಲವಾಗಬಹುದೆಂಬ ಎಚ್ಚರಿಕೆ ಅಚ್ಚಾಗಿರುತ್ತದೆ. ಮೂತ್ರಪಿಂಡ ಕಾಯಿಲೆ ಸ್ಥಿರವಾಗಿದ್ದು, ಬೆಕ್ಕು ಚೆನ್ನಾಗಿ ಉಂಡು ನೀರು ಕುಡಿಯುತ್ತಿದ್ದರೆ, ಕಡಿಮೆ ಪ್ರಮಾಣದಲ್ಲಿ, ರಕ್ತಪರೀಕ್ಷೆಯ ಕಾವಲಿನಲ್ಲಿ ಕೊಡಬಹುದೆಂಬುದು ಬೆಕ್ಕಿನ ವೈದ್ಯರ ಅಂತರರಾಷ್ಟ್ರೀಯ ಮಾರ್ಗಸೂಚಿಗಳ ನಿಲುವು. ಅದರಂತೆ ಕೆ.ಜಿ.ಗೆ 0.02 ಮಿ.ಗ್ರಾಂ. ಲೆಕ್ಕದಲ್ಲಿ, ಮಿ.ಲೀ.ಗೆ 0.5 ಮಿ.ಗ್ರಾಂ. ಇರುವ ದ್ರಾವಣದ 0.2 ಮಿ.ಲೀ. ಮಾತ್ರ, ಸೂಜಿ ತೆಗೆದ 1 ಮಿ.ಲೀ. ಸಿರಿಂಜಿನಲ್ಲಿ ಅಳೆದು, ಊಟ ಮುಗಿದ ಮೇಲೆ ಕೊಡುವಂತೆ ಹೇಳಿದೆ. ನಾಯಿಗಳ ದ್ರಾವಣ ಮಿ.ಲೀ.ಗೆ 1.5 ಮಿ.ಗ್ರಾಂ. ಇರುತ್ತದೆ, ಬಾಟಲಿ ಅದಲುಬದಲಾದರೆ ಪ್ರಮಾಣ ಮೂರುಪಟ್ಟು. ಮನುಷ್ಯರ 7.5 ಮಿ.ಗ್ರಾಂ. ಗುಳಿಗೆ ಈ ಬೆಕ್ಕಿನ ದಿನದ ಪ್ರಮಾಣಕ್ಕೆ ಎಪ್ಪತ್ತೈದು ಪಟ್ಟು. ಈ ಅಂಕಿಗಳು ಚಂದ್ರಿಗೆ, ಅದರ ರಕ್ತಪರೀಕ್ಷೆ ನೋಡಿ ನಿಗದಿಯಾದವು. ಇದನ್ನು ಓದಿ ಯಾರೂ ತಮ್ಮ ಬೆಕ್ಕಿಗೆ ಅಳೆದು ಕೊಡಬಾರದು.

ಮನೆಯವರಿಗೆ ಕೊಟ್ಟ ಕಟ್ಟುನಿಟ್ಟಿನ ಸೂಚನೆ ಒಂದೇ: ಊಟ ಬಿಟ್ಟ ದಿನ ಔಷಧಿ ಇಲ್ಲ. ವಾಂತಿ, ಭೇದಿ, ಮಂಕು ಕಂಡರೂ ಹಾಗೆಯೇ. ಅದು ಮೇ ತಿಂಗಳಲ್ಲಿ ಉಪಯೋಗಕ್ಕೆ ಬಂತು. ಬಿಸಿಲು ನಲವತ್ತು ಡಿಗ್ರಿ ಮುಟ್ಟಿದ್ದ ವಾರದಲ್ಲಿ ಚಂದ್ರಿ ವಾಂತಿ ಮಾಡಿ ಊಟ ಬಿಟ್ಟಿತು. ಮನೆಯವರು ಅಂದೇ ಸಿರಿಂಜನ್ನು ಎತ್ತಿಟ್ಟು ಕರೆತಂದರು. ಮೈಯ ನೀರು ಆರಿತ್ತು, ಕ್ರಿಯಾಟಿನಿನ್ 2.6ಕ್ಕೆ ಏರಿತ್ತು. ಚರ್ಮದಡಿಗೆ ದ್ರವ ಕೊಟ್ಟು, ವಾಂತಿ ನಿಂತು, ಊಟ ಶುರುವಾದ ಮೇಲೆ 2.0ಕ್ಕೆ ಇಳಿಯಿತು. ಔಷಧಿ ಮುಂದುವರಿದಿದ್ದರೆ ಅದು ಇಳಿಯುತ್ತಿತ್ತೆಂದು ಹೇಳಲಾರೆ.

ಅಲ್ಲಿಂದ ಬೇಸಿಗೆಯಲ್ಲಿ ಮೆಲೊಕ್ಸಿಕಾಮ್ ಬೇಡವೆಂದು ತೀರ್ಮಾನಿಸಿ, ನರನೋವಿಗೆ ಕೊಡುವ ಗ್ಯಾಬಪೆಂಟಿನ್‌ಗೆ ಬದಲಾಯಿಸಿದೆವು. 100 ಮಿ.ಗ್ರಾಂ. ಕ್ಯಾಪ್ಸೂಲಿನ ಪುಡಿಯನ್ನು ನಾಲ್ಕು ಸಮಭಾಗ ಮಾಡಿ, ಒಂದು ಭಾಗವನ್ನು ರಾತ್ರಿಯ ಒದ್ದೆ ಆಹಾರದಲ್ಲಿ ಬೆರೆಸುವುದು. ಈ ಔಷಧಿ ಹೊರಹೋಗುವುದು ಮೂತ್ರಪಿಂಡದಿಂದಲೇ, ಹಾಗಾಗಿ ಕಡಿಮೆಯಲ್ಲಿ ಶುರುಮಾಡಬೇಕು. ಮೊದಲ ಕೆಲವು ದಿನ ಬೆಕ್ಕು ತೂಕಡಿಸಿ, ಹಿಂಗಾಲು ತಡವರಿಸಿತು, ಆಮೇಲೆ ಸರಿಹೋಯಿತು. ಔಷಧಿ ಅಂಗಡಿಗಳಲ್ಲಿ ಗ್ಯಾಬಪೆಂಟಿನ್ ಅನೇಕ ವೇಳೆ ನಾರ್ಟ್ರಿಪ್ಟಿಲಿನ್ ಅಥವಾ ಮೀಥೈಲ್‌ಕೊಬಾಲಮಿನ್ ಜೊತೆ ಬೆರೆತು ಬರುತ್ತದೆ. ಬೇರೇನೂ ಬೆರೆಯದ ಬರೀ ಗ್ಯಾಬಪೆಂಟಿನ್ ಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ, ಮಗಳು ಸ್ಟ್ರಿಪ್ಪಿನ ಫೋಟೊ ಕಳಿಸಿ ಖಚಿತಪಡಿಸಿಕೊಂಡಳು.

ನರಬೆಳವಣಿಗೆಯ ಪ್ರೋಟೀನನ್ನು ತಡೆದು ನೋವಿನ ಸಂಕೇತವನ್ನೇ ತಗ್ಗಿಸುವ, ತಿಂಗಳಿಗೊಮ್ಮೆ ಚುಚ್ಚುವ ಫ್ರುನೆವೆಟ್‌ಮ್ಯಾಬ್ ಎಂಬ ಪ್ರತಿಕಾಯ ಔಷಧಿಗೆ ಯುರೋಪಿನಲ್ಲಿ 2021ರಲ್ಲಿ, ಅಮೆರಿಕದಲ್ಲಿ 2022ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿದೆ. ಮೂತ್ರಪಿಂಡವನ್ನು ಅವಲಂಬಿಸದೆ ದೇಹದಿಂದ ಹೋಗುವ ಔಷಧಿಯಾದ್ದರಿಂದ ಇಂಥ ಬೆಕ್ಕುಗಳಿಗೆ ಅದರ ಮೇಲೆ ಭರವಸೆ ಹೆಚ್ಚು. ಈ ಪ್ರಕರಣದಲ್ಲಿ ಅದನ್ನು ಬಳಸಿಲ್ಲ.

ಫಲಿತಾಂಶ

ಸುಧಾರಣೆಯನ್ನು ಅಂದಾಜಿನಲ್ಲಿ ಹೇಳಬಾರದೆಂದು ಆರಂಭದಲ್ಲಿಯೇ ಮೂರು ಕೆಲಸಗಳನ್ನು ಆರಿಸಿಕೊಂಡಿದ್ದೆವು: ಹಿತ್ತಲಿಗೆ ಹೋಗಿ ಬರುವುದು, ಕಿಟಕಿ ಕಟ್ಟೆ ಹತ್ತುವುದು, ಬೆನ್ನು ನೆಕ್ಕಿಕೊಳ್ಳುವುದು. ಆಗುವುದೇ ಇಲ್ಲವೆಂದರೆ ಸೊನ್ನೆ, ಸಲೀಸಾದರೆ ನಾಲ್ಕು. ಮಗಳು ವಾರಕ್ಕೊಮ್ಮೆ ಮೊಬೈಲಿನಲ್ಲಿ ಚಿತ್ರೀಕರಿಸಿ ಅಂಕ ಬರೆಯುತ್ತಿದ್ದಳು. ಶುರುವಿನಲ್ಲಿ ಮೂರೂ ಸೇರಿ ಎರಡು. ನೆಲಹಾಸು ಮತ್ತು ಮೆಟ್ಟಿಲು ಬಂದ ಮೇಲೆ, ಔಷಧಿಗಿಂತ ಮೊದಲು, ಐದು. ಮೆಲೊಕ್ಸಿಕಾಮ್ ಒಂದೂವರೆ ತಿಂಗಳು ನಡೆದ ಮೇಲೆ ಒಂಬತ್ತು. ಬೇಸಿಗೆಯ ಕಾಯಿಲೆಯಲ್ಲಿ ನಾಲ್ಕಕ್ಕೆ ಬಿದ್ದು, ಗ್ಯಾಬಪೆಂಟಿನ್‌ನಲ್ಲಿ ಎಂಟಕ್ಕೆ ನಿಂತಿದೆ. ತೂಕ 4.4 ಕೆ.ಜಿ., ಕ್ರಿಯಾಟಿನಿನ್ 2.1. ತೊಡೆಯ ಸ್ನಾಯು ಬೆರಳಿಗೆ ಸ್ವಲ್ಪ ತುಂಬಿಕೊಂಡಂತೆ ಸಿಗುತ್ತದೆ.

ಬೇಟೆ ಮರಳಿ ಬರಲಿಲ್ಲ, ಬರುವುದೂ ಇಲ್ಲ. ನಾಗೊಂದಿಯ ಕಡೆ ಅದು ನೋಡುವುದನ್ನೂ ಬಿಟ್ಟಿದೆ. ಇಲಿಗಳಿಗೆ ಬೋನೇ ಗತಿ. ವಿಷ ಇಡಬಾರದೆಂದು ತಾಕೀತು ಮಾಡಿದ್ದೇನೆ, ಏಕೆಂದರೆ ವಿಷ ತಿಂದು ಮಂಕಾದ ಇಲಿ ಮುದಿ ಬೆಕ್ಕಿನ ಕೈಗೂ ಸಿಗುತ್ತದೆ.

ಚಂದ್ರಿಗೆ ಈಗ ಹದಿನೈದು ದಾಟಿದೆ. ಮೂತ್ರಪಿಂಡ ಇನ್ನಷ್ಟು ಕುಂದುವ ದಿನ ಬರುತ್ತದೆ, ಆಗ ನೋವಿನ ಔಷಧಿಗೆ ಜಾಗ ಇನ್ನೂ ಕಿರಿದಾಗುತ್ತದೆ. ಅದಕ್ಕಾಗಿ ಮನೆಯವರ ಜೊತೆ ಕುಳಿತು ಮುಂಚಿತವಾಗಿ ಮಾತಾಡಿದ್ದೇವೆ: ಔಷಧಿ ಕೊಟ್ಟರೂ ಉಸುಕಿನ ಪುಟ್ಟಿಯ ತನಕ ನಡೆಯಲಾಗದಿದ್ದರೆ, ಎರಡು ದಿನಕ್ಕಿಂತ ಹೆಚ್ಚು ಊಟ ಮುಟ್ಟದಿದ್ದರೆ, ಅಜ್ಜಿ ಬಾಚಣಿಗೆ ತಂದಾಗ ಮೈ ಒಡ್ಡದೆ ಸರಿದುಹೋಗತೊಡಗಿದರೆ, ಚಿಕಿತ್ಸೆಯನ್ನು ಎಳೆಯದೆ ದಯಾಮರಣದ ವಿಚಾರ ಮಾಡುವುದು. ಮೂರನೆಯದನ್ನು ಸೇರಿಸಿದವರು ಅಜ್ಜಿಯೇ. ಅಲ್ಲಿಯ ತನಕ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ತಿಂಗಳಿಗೊಮ್ಮೆ ತೂಕ ಮತ್ತು ಉಗುರು, ಚಳಿಗಾಲ ಬಂದಾಗ ಮೆಲೊಕ್ಸಿಕಾಮನ್ನು ಮತ್ತೆ ಶುರುಮಾಡಬಹುದೇ ಎಂಬುದನ್ನು ಆ ತಿಂಗಳ ಕ್ರಿಯಾಟಿನಿನ್ ನೋಡಿ ತೀರ್ಮಾನಿಸುತ್ತೇವೆ.